ನಿಸ್ತಂತು ಜಿ.ಪಿ.ಎಸ್. ಯಂತ್ರದ ವಾಕ್ಯಗಳು: ಮೊಬೈಲು ಸ್ಥಳತಂತ್ರಾಂಶಗಳ ಒಂದು ವಿಮರ್ಶೆ

ತಾನಿರುವ ಸ್ಥಳವನ್ನು ಅಂಕಿಗಳಲ್ಲಿ ಹೇಳುವ ವಿದ್ಯೆ ಬಹಳ ಕಾಲ ನಾವಿಕರಿಗೂ ಮೋಜಣಿದಾರರಿಗೂ ಮಾತ್ರ ಸೇರಿದುದಾಗಿತ್ತು. ಇಂದು ಅದು ಮೊಬೈಲು ದೂರವಾಣಿಯುಳ್ಳ ಎಲ್ಲರ ಕೈಗೂ ಬಂದಿದೆ. ಈ ಎರಡು ಸ್ಥಿತಿಗಳ ನಡುಗಾಲದಲ್ಲಿ, ಎಂದರೆ ಈ ಶತಮಾನದ ಮೊದಲ ದಶಕದಲ್ಲಿ, ಒಂದು ವಿಶೇಷ ಏರ್ಪಾಡು ಬಳಕೆಯಲ್ಲಿತ್ತು. ಉಪಗ್ರಹಗಳ ಸಂಕೇತವನ್ನು ಹಿಡಿಯುವ ಗ್ರಾಹಕಯಂತ್ರವು ಅಂಗೈಯಲ್ಲಿ ಅಡಗುವಂತಹ ಪ್ರತ್ಯೇಕ ಪೆಟ್ಟಿಗೆಯಾಗಿದ್ದು, ತಾನು ಗಣಿಸಿದ ಸ್ಥಳವನ್ನು ಬ್ಲೂಟೂತ್ ಎಂಬ ನಿಸ್ತಂತು ಸಂಪರ್ಕದ ಮೂಲಕ ಮೊಬೈಲಿಗೆ ತಿಳಿಸುತ್ತಿತ್ತು. ಮೊಬೈಲಿನಲ್ಲಿದ್ದ ತಂತ್ರಾಂಶವು ಅದನ್ನು ಓದಿ ನಕ್ಷೆಯ ಮೇಲೆ ಚುಕ್ಕಿಯಿಟ್ಟು ತೋರಿಸುತ್ತಿತ್ತು. ಭೂಮಾಪನ ಮೊದಲಾದ ಕಾರ್ಯಗಳಲ್ಲಿ ಈ ಏರ್ಪಾಡು ಇಂದಿಗೂ ಉಳಿದುಬಂದಿದೆ.

ಇಂತಹ ತಂತ್ರಾಂಶಗಳ ರಚನಾಕ್ರಮವನ್ನು ಗುಣದೋಷಗಳೆರಡನ್ನೂ ಗಮನಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಯಾವ ತಂತ್ರಾಂಶ ಹೆಚ್ಚು ವೇಗವುಳ್ಳದ್ದು, ಯಾವುದರ ನಕ್ಷೆ ಹೆಚ್ಚು ಅಂದವಾದದ್ದು ಎಂಬ ವಿಚಾರ ಇಲ್ಲಿ ಮುಖ್ಯವಲ್ಲ. ಗ್ರಾಹಕಯಂತ್ರವು ಸ್ಥಳವನ್ನು ಹೇಳುವಾಗ ತನ್ನ ಸಂದೇಹವನ್ನೂ ಜೊತೆಗೆ ಹೇಳುತ್ತದೆ. ತಂತ್ರಾಂಶವು ಸ್ಥಳವನ್ನು ಉಳಿಸಿಕೊಂಡು ಸಂದೇಹವನ್ನು ಬಿಟ್ಟುಬಿಡುತ್ತದೆ. ಈ ಒಂದು ಲೋಪದಿಂದ ಉಳಿದ ಅನೇಕ ದೋಷಗಳು ಹುಟ್ಟಿವೆ ಎಂಬುದು ನಮ್ಮ ಅಭಿಪ್ರಾಯ.

೧

ಮೊದಲು ಯಂತ್ರದ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಜಿ.ಪಿ.ಎಸ್. ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾ ಇಲಾಖೆಯು ನಿರ್ಮಿಸಿದ ವ್ಯವಸ್ಥೆ. ಅದರ ಮೊದಲ ಉಪಗ್ರಹ ೧೯೭೮ರಲ್ಲಿ ಮೇಲೇರಿತು. ೧೯೯೫ರಲ್ಲಿ ವ್ಯವಸ್ಥೆ ಪೂರ್ಣವಾಯಿತೆಂದು ಘೋಷಿಸಲಾಯಿತು. ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಕಾಲವನ್ನು ರೇಡಿಯೋ ಸಂಕೇತದ ಮೂಲಕ ಬಿತ್ತರಿಸುತ್ತವೆ. ಸಂಕೇತ ತಲಪಲು ಹಿಡಿದ ಕಾಲದಿಂದ ಗ್ರಾಹಕಯಂತ್ರವು ದೂರವನ್ನು ಗಣಿಸುತ್ತದೆ. ಕಾಲದ ಎಣಿಕೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ ಸುಮಾರು ೩೦೦ ಮೀಟರ್ ತಪ್ಪುವುದು. ಅಗ್ಗದ ಗ್ರಾಹಕಯಂತ್ರದ ಗಡಿಯಾರಕ್ಕೆ ಅಷ್ಟು ನಿಷ್ಕೃಷ್ಟತೆಯಿಲ್ಲ. ಆದುದರಿಂದ ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಅಜ್ಞಾತಗಳೊಡನೆ ಗಡಿಯಾರದ ತಪ್ಪನ್ನೂ ನಾಲ್ಕನೆಯ ಅಜ್ಞಾತವಾಗಿ ಇಟ್ಟುಕೊಂಡು, ನಾಲ್ಕು ಉಪಗ್ರಹಗಳ ಸಹಾಯದಿಂದ ಲೆಕ್ಕ ಬಿಡಿಸಬೇಕಾಗುತ್ತದೆ. ತನ್ನ ತಪ್ಪನ್ನು ಲೆಕ್ಕದೊಳಕ್ಕೆ ಸೇರಿಸಿಕೊಂಡೇ ಈ ಯಂತ್ರ ಕೆಲಸ ಮಾಡುತ್ತದೆಂಬುದನ್ನು ವಾಚಕರು ಗಮನಿಸಬೇಕು.

೨೦೦೦ದ ಮೇ ತಿಂಗಳವರೆಗೆ ನಾಗರಿಕರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ತಪ್ಪನ್ನು ಬೆರೆಸಲಾಗುತ್ತಿತ್ತು. ಅದರಿಂದ ಸ್ಥಳವು ೧೦೦ ಮೀಟರಿನಷ್ಟು ಆಚೀಚೆಯಾಗುತ್ತಿತ್ತು. ಆ ಬೆರಕೆ ನಿಂತ ಮೇಲೆ ಸಾಮಾನ್ಯರ ಉಪಯೋಗಕ್ಕೆ ಈ ವಿದ್ಯೆ ಒದಗಿತು. ಇತ್ತ ಬ್ಲೂಟೂತ್ ಸಂಪರ್ಕದ ಮೊದಲ ನಿಯಮಾವಳಿ ೧೯೯೯ರಲ್ಲಿ ಹೊರಬಂದಿತ್ತು. ಜಾವಾ ಭಾಷೆಯ ಮೊಬೈಲು ಆವೃತ್ತಿಯಲ್ಲಿ ಬ್ಲೂಟೂತನ್ನು ಬಳಸುವ ವಿಧಾನವನ್ನು ಜೆ.ಎಸ್.ಆರ್. ೮೨ ಎಂಬ ನಿಯಮವು ೨೦೦೨ರಲ್ಲಿಯೂ, ಸ್ಥಳವನ್ನು ಕೇಳಿ ಪಡೆಯುವ ವಿಧಾನವನ್ನು ಜೆ.ಎಸ್.ಆರ್. ೧೭೯ ಎಂಬುದು ೨೦೦೩ರಲ್ಲಿಯೂ ನಿರ್ಧರಿಸಿದವು. ಹೀಗೆ ಮೂರು ಅನುಕೂಲಗಳು ಕೂಡಿಬಂದುದರಿಂದ, ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಒಬ್ಬ ವಿದ್ಯಾರ್ಥಿಯೂ ಸ್ಥಳತಂತ್ರಾಂಶವನ್ನು ರಚಿಸಲು ಸಾಧ್ಯವಾಯಿತು. ಇದು ಆ ಕಾಲದ ದೊಡ್ಡ ಗುಣ. ಇದನ್ನು ಒಪ್ಪಿಕೊಂಡೇ ಮುಂದಿನ ವಿಮರ್ಶೆಗೆ ತೊಡಗಬೇಕು.

೨

ಗ್ರಾಹಕಯಂತ್ರವು ಮೊಬೈಲಿಗೆ ಕಳುಹಿಸುವುದು ಚಿತ್ರವಲ್ಲ, ನಕ್ಷೆಯಲ್ಲ. ಓದಬಹುದಾದ ಅಕ್ಷರಗಳ ಸಾಲುಗಳು. ಅಮೆರಿಕದ ನೌಕಾ ವಿದ್ಯುನ್ಮಾನ ಸಂಘವು ೧೯೮೩ರಲ್ಲಿ ಹೊರತಂದ ಎನ್.ಎಂ.ಇ.ಎ. ೦೧೮೩ ಎಂಬ ನಿಯಮವು ಈ ಸಾಲುಗಳ ರೂಪವನ್ನು ನಿರ್ಧರಿಸಿದೆ. ಆ ನಿಯಮದಲ್ಲಿ ಪ್ರತಿಯೊಂದು ಸಾಲಿಗೂ ‘ವಾಕ್ಯ’ವೆಂಬ ಅರ್ಥದ ಹೆಸರೇ ಇದೆ, ಕಳುಹಿಸುವ ಯಂತ್ರಕ್ಕೆ ‘ಮಾತಾಡುವವನು’ ಎಂದೂ, ಪಡೆಯುವ ಯಂತ್ರಕ್ಕೆ ‘ಕೇಳುವವನು’ ಎಂದೂ ಹೆಸರು. ಡಾಲರ್ ಚಿಹ್ನೆಯಿಂದ ಆರಂಭವಾಗುವ ಒಂದು ವಾಕ್ಯ ೮೨ ಅಕ್ಷರಗಳನ್ನು ಮೀರಕೂಡದು. ಅಂಶಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಬೇಕು. ಕೊನೆಯಲ್ಲಿ, ವಾಕ್ಯದ ಎಲ್ಲ ಅಕ್ಷರಗಳಿಂದ ಗಣಿಸಿದ ಎರಡಕ್ಷರದ ಒಂದು ತಾಳೆಯ ಗುರುತು ಬರುತ್ತದೆ.

ಬಹಳವಾಗಿ ಬಳಕೆಯಾಗುವ ವಾಕ್ಯಗಳು ಎರಡು. ‘ಜಿಜಿಎ’ ಎಂಬ ವಾಕ್ಯದಲ್ಲಿ ಕಾಲ, ಅಕ್ಷಾಂಶ, ರೇಖಾಂಶಗಳಾದ ಮೇಲೆ ಗಣನೆಯ ದರ್ಜೆ, ಉಪಯೋಗಿಸಿದ ಉಪಗ್ರಹಗಳ ಸಂಖ್ಯೆ, ಎಚ್.ಡಿ.ಒ.ಪಿ. ಎಂಬ ಅಂಕಿ, ಎತ್ತರ ಇವು ಕ್ರಮವಾಗಿ ಬರುತ್ತವೆ. ಉಪಗ್ರಹಗಳು ಆಕಾಶದಲ್ಲಿ ಚೆನ್ನಾಗಿ ಹರಡಿಕೊಂಡಿದ್ದರೆ ಎಚ್.ಡಿ.ಒ.ಪಿ. ಅಂಕಿ ಒಂದರ ಸಮೀಪದಲ್ಲಿರುತ್ತದೆ. ಅವು ಒಂದೇ ದಿಕ್ಕಿಗೆ ಗುಂಪಾಗಿದ್ದರೆ ಅಂಕಿ ಏರುತ್ತದೆ, ತಪ್ಪೂ ಅದರೊಡನೆ ಏರುತ್ತದೆ. ‘ಆರ್‌ಎಂಸಿ’ ಎಂಬ ವಾಕ್ಯದಲ್ಲಿ ಕಾಲದ ಮರುಕ್ಷಣದಲ್ಲಿಯೇ, ಸ್ಥಳಕ್ಕಿಂತ ಮುಂಚಿತವಾಗಿಯೇ, ‘ಎ’ ಅಥವಾ ‘ವಿ’ ಎಂಬ ಒಂದಕ್ಷರ ಬರುತ್ತದೆ. ‘ಎ’ ಎಂದರೆ ಮಾತು ನಂಬತಕ್ಕದ್ದು. ‘ವಿ’ ಎಂದರೆ ನಂಬತಕ್ಕದ್ದಲ್ಲ. ನಾವಿಕನ ಪ್ರಾಣ ಈ ಅಕ್ಷರವನ್ನು ಅವಲಂಬಿಸಿರುವುದರಿಂದ, ಸ್ಥಳವನ್ನು ಹೇಳುವ ಮೊದಲೇ ಅದರ ಯೋಗ್ಯತೆಯನ್ನು ಹೇಳುವ ಈ ಕ್ರಮ ವಿವೇಕಯುತವಾದುದು.

ಇಂತಹ ವಾಕ್ಯವನ್ನು ಮೊಬೈಲಿನ ಸಾಮಾನ್ಯ ತಂತ್ರಾಂಶ ಹೇಗೆ ಓದುತ್ತದೆ? ಸುತ್ತಮುತ್ತಲ ಬ್ಲೂಟೂತ್ ಯಂತ್ರಗಳನ್ನು ಹುಡುಕುವುದು, ಗ್ರಾಹಕಯಂತ್ರದೊಡನೆ ಜೋಡಣೆ ಮಾಡಿಕೊಳ್ಳುವುದು, ತಂತಿಯ ಬದಲಿಗೆ ನಿಲ್ಲುವ ನಿಸ್ತಂತು ಮಾರ್ಗವನ್ನು ತೆರೆಯುವುದು, ಸಾಲನ್ನು ಓದಿ ಅಲ್ಪವಿರಾಮಗಳಲ್ಲಿ ಕತ್ತರಿಸುವುದು, ಅಕ್ಷಾಂಶ ರೇಖಾಂಶಗಳ ಅಂಶಗಳನ್ನು ಆಯ್ದುಕೊಂಡು ಉಳಿದುದನ್ನು ಬಿಸುಡುವುದು. ಕಲಿಯುವವರಿಗೆಂದು ಬರೆದ ಮಾದರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮ ಇದು. ಕೊನೆಯ ಹೆಜ್ಜೆಯಲ್ಲಿ ಬಿಸುಟದ್ದೇನು ಎಂಬುದನ್ನು ಈಗ ವಿಚಾರಿಸಬೇಕು.

೩

ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳು ಇರಬೇಕೆಂದು ತರ್ಕಸಂಗ್ರಹವೇ ಮೊದಲಾದ ನಮ್ಮ ಶಾಸ್ತ್ರಗ್ರಂಥಗಳು ಹೇಳುತ್ತವೆ. ಒಂದು ಪದ ಮತ್ತೊಂದನ್ನು ಅಪೇಕ್ಷಿಸುವುದು ಆಕಾಂಕ್ಷೆ. ಅರ್ಥಕ್ಕೆ ಬಾಧೆಯಿಲ್ಲದಿರುವುದು ಯೋಗ್ಯತೆ. ‘ಬೆಂಕಿಯಿಂದ ನೆನೆಸು’ ಎಂಬಲ್ಲಿ ಅದು ಇಲ್ಲ. ಪದಗಳು ವಿಳಂಬವಿಲ್ಲದೆ ಬಳಿಬಳಿಯಲ್ಲಿ ಉಚ್ಚಾರವಾಗುವುದು ಸನ್ನಿಧಿ. ಈ ವಿಭಾಗವು ಮನುಷ್ಯರ ಮಾತಿಗಾಗಿ ಹೇಳಿದ್ದಾದರೂ, ಯಂತ್ರದ ವಾಕ್ಯವನ್ನು ಕೇಳುವವನ ದೋಷಗಳನ್ನು ವಿಂಗಡಿಸುವುದಕ್ಕೆ ಅನುಕೂಲವಾಗಿದೆ.

ಆಕಾಂಕ್ಷೆಯ ವಿಚಾರ ಹೀಗಿದೆ. ಜಿಜಿಎ ವಾಕ್ಯದಲ್ಲಿ ಕಾಲವಿದೆ, ದಿನಾಂಕವಿಲ್ಲ; ದಿನಾಂಕಕ್ಕಾಗಿ ಆರ್‌ಎಂಸಿ ವಾಕ್ಯವನ್ನು ನೋಡಬೇಕು. ಆ ಕಾಲವಾದರೂ ಜಾಗತಿಕ ಕಾಲವಾಗಿದ್ದು, ಭಾರತದ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ನಮ್ಮಲ್ಲಿ ಬೆಳಗಿನ ಐದು ಗಂಟೆಗೆ ಮಾಡಿದ ಕೆಲಸ ಯಂತ್ರದ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿಗೆ ಸೇರುತ್ತದೆ. ಒಂದು ವಾಕ್ಯವನ್ನು ಮಾತ್ರ ಓದಿ ಮತ್ತೊಂದನ್ನು ಬಿಟ್ಟ ತಂತ್ರಾಂಶ, ಮೊಬೈಲಿನ ದಿನಾಂಕವನ್ನು ಯಂತ್ರದ ಕಾಲಕ್ಕೆ ಅಂಟಿಸಿ ಯಾವ ಗಡಿಯಾರಕ್ಕೂ ಸೇರದ ಒಂದು ಮುಹೂರ್ತವನ್ನು ಸೃಷ್ಟಿಸುತ್ತದೆ.

ಯೋಗ್ಯತೆಯ ವಿಚಾರದಲ್ಲಿ ದೋಷಗಳು ಹೆಚ್ಚು. ಅಕ್ಷಾಂಶವನ್ನು ಈ ನಿಯಮದಲ್ಲಿ ಡಿಗ್ರಿ ಮತ್ತು ನಿಮಿಷಗಳನ್ನು ಒತ್ತಾಗಿ ಸೇರಿಸಿ ಬರೆಯುತ್ತಾರೆ. ಮೈಸೂರಿನ ಅಕ್ಷಾಂಶ ಸುಮಾರು ೧೨ ಡಿಗ್ರಿ ೧೮ ನಿಮಿಷ. ವಾಕ್ಯದಲ್ಲಿ ಅದು ೧೨೧೮ ಎಂದು ಆರಂಭವಾಗುತ್ತದೆ. ೧೮ ನಿಮಿಷವೆಂದರೆ ಡಿಗ್ರಿಯ ಹತ್ತರಲ್ಲಿ ಮೂರು ಭಾಗ. ಆದುದರಿಂದ ದಶಮಾಂಶದಲ್ಲಿ ೧೨.೩೦ ಎಂದಾಗಬೇಕು. ನಡುವೆ ಚುಕ್ಕಿಯಿಟ್ಟು ೧೨.೧೮ ಎಂದು ಓದಿದರೆ ಮೈಸೂರು ೧೩ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿಯುತ್ತದೆ. ಈ ತಪ್ಪು ದೊಡ್ಡದಾದ್ದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪುಗಳೇ ಹೆಚ್ಚು ಅಪಾಯಕರ. ‘ವಿ’ ಎಂಬ ಅಕ್ಷರ ಬಂದಿರುವಾಗ ಕೆಲವು ಯಂತ್ರಗಳು ಸ್ಥಳದ ಅಂಶಗಳನ್ನು ಖಾಲಿ ಬಿಡುತ್ತವೆ, ಕೆಲವು ಹಿಂದಿನ ಸ್ಥಳವನ್ನೇ ಪುನಃ ಬರೆಯುತ್ತವೆ. ಖಾಲಿಯನ್ನು ಸೊನ್ನೆಯೆಂದು ಓದಿದ ತಂತ್ರಾಂಶ ತನ್ನ ಒಡೆಯನನ್ನು ಆಫ್ರಿಕದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ನೀರಿನಲ್ಲಿ ನಿಲ್ಲಿಸುತ್ತದೆ. ಅದನ್ನು ನೋಡಿ ಯಾರೂ ಮೋಸಹೋಗುವುದಿಲ್ಲ. ಹಳೆಯ ಸ್ಥಳವನ್ನು ಹೊಸದೆಂದು ತೋರಿಸಿದರೆ ಮಾತ್ರ ಎಲ್ಲರೂ ನಂಬುತ್ತಾರೆ.

ದಿನಾಂಕಕ್ಕೂ ಈ ಮಾತು ಅನ್ವಯಿಸುತ್ತದೆ. ಜಿ.ಪಿ.ಎಸ್. ಸಂಕೇತದಲ್ಲಿ ವಾರಗಳ ಎಣಿಕೆ ೧,೦೨೪ಕ್ಕೆ ಮುಗಿದು ಪುನಃ ಸೊನ್ನೆಗೆ ಬರುತ್ತದೆ. ೧೯೯೯ರ ಆಗಸ್ಟಿನಲ್ಲಿಯೂ ೨೦೧೯ರ ಏಪ್ರಿಲಿನಲ್ಲಿಯೂ ಹೀಗಾಯಿತು. ಇದಕ್ಕೆ ಸಿದ್ಧವಾಗಿರದ ಹಳೆಯ ಗ್ರಾಹಕಯಂತ್ರಗಳು ಸ್ಥಳವನ್ನು ಸರಿಯಾಗಿ ಹೇಳುತ್ತಲೇ ದಿನಾಂಕವನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಒಯ್ದವು. ವಾಕ್ಯದ ಒಂದಂಶ ಸತ್ಯವಾದ ಮಾತ್ರಕ್ಕೆ ಇನ್ನೊಂದಂಶ ಸತ್ಯವಾಗಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಸನ್ನಿಧಿಯ ಪ್ರಶ್ನೆ ನಿಸ್ತಂತು ಏರ್ಪಾಡಿಗೆ ವಿಶೇಷವಾಗಿ ಸೇರಿದ್ದು. ಸಾಮಾನ್ಯ ಗ್ರಾಹಕಯಂತ್ರ ಸೆಕೆಂಡಿಗೊಮ್ಮೆ ಮಾತಾಡುತ್ತದೆ. ಬ್ಲೂಟೂತ್ ಸಂಪರ್ಕ ಸುಮಾರು ಹತ್ತು ಮೀಟರ್ ದೂರದವರೆಗೆ ಮಾತ್ರ ನಡೆಯುವುದರಿಂದ, ಚೀಲದಲ್ಲಿಯೋ ಮೋಟಾರಿನಲ್ಲಿಯೋ ಯಂತ್ರವನ್ನು ಬಿಟ್ಟು ಮುಂದೆ ಹೋದೊಡನೆ ಸಂಪರ್ಕ ಕಡಿದುಹೋಗಬಹುದು. ಆಗ ತೆರೆಯ ಮೇಲೆ ಕೊನೆಯ ಚುಕ್ಕಿ ಹಾಗೆಯೇ ನಿಂತಿರುತ್ತದೆ. ಆ ಚುಕ್ಕಿಗೆ ಎಷ್ಟು ವಯಸ್ಸಾಯಿತೆಂಬುದನ್ನು ತಂತ್ರಾಂಶ ಹೇಳದಿದ್ದರೆ, ಹೋದ ಗಳಿಗೆಯ ಮಾತನ್ನು ಈ ಗಳಿಗೆಯ ಮಾತೆಂದು ಕೇಳಿದಂತಾಗುತ್ತದೆ. ಇನ್ನೂ ಮೂಲಭೂತವಾದ ಒಂದು ಪ್ರಶ್ನೆಯಿದೆ. ಯಂತ್ರ ಹೇಳುವುದು ತಾನಿರುವ ಸ್ಥಳವನ್ನು. ಮೊಬೈಲಿರುವ ಸ್ಥಳವನ್ನಾಗಲಿ, ಅದನ್ನು ಹಿಡಿದ ಮನುಷ್ಯನಿರುವ ಸ್ಥಳವನ್ನಾಗಲಿ ಅಲ್ಲ. ಯಂತ್ರದಿಂದ ಮನುಷ್ಯನಿಗೆ ಹೋಗುವುದು ಒಂದು ಅನುಮಾನ. ಎರಡು ಪೆಟ್ಟಿಗೆಗಳಿದ್ದಾಗ ಈ ಅನುಮಾನ ಕಣ್ಣಿಗೆ ಕಾಣುತ್ತಿತ್ತು. ಒಂದಾದ ಮೇಲೆ ಅದು ಮರೆಯಾಯಿತು, ಇಲ್ಲವಾಗಲಿಲ್ಲ.

೪

೨೦೦೭ರಲ್ಲಿ ನೋಕಿಯ ಎನ್ ೯೫, ೨೦೦೮ರಲ್ಲಿ ಐಫೋನ್ ೩ಜಿ ಮತ್ತು ಮೊದಲ ಆಂಡ್ರಾಯ್ಡ್ ದೂರವಾಣಿ ಮಾರುಕಟ್ಟೆಗೆ ಬಂದವು. ಗ್ರಾಹಕಯಂತ್ರ ಮೊಬೈಲಿನ ಒಡಲನ್ನೇ ಸೇರಿತು. ತಂತ್ರಾಂಶವನ್ನು ಬರೆಯುವವನು ವಾಕ್ಯಗಳನ್ನು ಓದಬೇಕಾದ ಶ್ರಮ ತಪ್ಪಿತು. ಅವನಿಗೆ ಈಗ ಸಿದ್ಧವಾದ ಸ್ಥಳ ದೊರೆಯುತ್ತದೆ. ಆದರೆ ಶ್ರಮದೊಡನೆ ಸಂದೇಹವೂ ತಪ್ಪಿಹೋಯಿತೆಂದು ತಿಳಿಯಬಾರದು. ಜೆ.ಎಸ್.ಆರ್. ೧೭೯ರಲ್ಲಿಯೇ ಪ್ರತಿಯೊಂದು ಸ್ಥಳದೊಡನೆ ನಿಷ್ಕೃಷ್ಟತೆಯ ಒಂದು ಅಂಕಿ ಇತ್ತು. ಅದು ತಿಳಿಯದಿದ್ದಾಗ ‘ಇದು ಸಂಖ್ಯೆಯಲ್ಲ’ ಎಂಬ ವಿಶೇಷ ಗುರುತನ್ನು ಕೊಡುವ ಏರ್ಪಾಡಿತ್ತು. ಐಫೋನಿನಲ್ಲಿ ಸ್ಥಳ ನಂಬತಕ್ಕದ್ದಲ್ಲವಾದರೆ ಈ ಅಂಕಿ ಋಣಸಂಖ್ಯೆಯಾಗುತ್ತದೆ. ಆಂಡ್ರಾಯ್ಡಿನ ಮೊದಲ ಕಾಲದ ವಿವರಣೆಯಲ್ಲಿ ಮಾತ್ರ, ನಿಷ್ಕೃಷ್ಟತೆ ತಿಳಿಯದಿದ್ದಾಗ ಸೊನ್ನೆಯನ್ನು ಕೊಡುವುದೆಂದಿತ್ತು. ತಪ್ಪಿನ ಅಳತೆ ಸೊನ್ನೆ ಮೀಟರ್ ಎಂದರೆ ಸ್ಥಳ ಪರಿಪೂರ್ಣವಾಗಿ ಸರಿಯಿದೆಯೆಂದು ಅಜಾಗರೂಕನಾದ ಓದುಗನು ಅರ್ಥಮಾಡುವನು. ಅಂಕಿ ಇದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿ ಕೇಳಿ ತಿಳಿಯುವ ಮಾರ್ಗವಿತ್ತು. ಕೇಳುವ ಅಭ್ಯಾಸ ಎಲ್ಲರಿಗೂ ಇರಲಿಲ್ಲ. ತಿಳಿಯದೆಂಬುದೂ ತಪ್ಪಿಲ್ಲವೆಂಬುದೂ ಒಂದೇ ಅಂಕಿಯಲ್ಲಿ ಅಡಗಿದ್ದುದು ಆ ರಚನೆಯ ಗುರುತರವಾದ ದೋಷ.

ಅಂಕಿ ಇದ್ದಾಗಲೂ ಅದರ ಅರ್ಥವನ್ನು ಸರಿಯಾಗಿ ಗ್ರಹಿಸುವವರು ಕಡಮೆ. ಆಂಡ್ರಾಯ್ಡಿನಲ್ಲಿ ನಿಷ್ಕೃಷ್ಟತೆ ಹತ್ತು ಮೀಟರ್ ಎಂದರೆ, ನಿಜವಾದ ಸ್ಥಳವು ಹತ್ತು ಮೀಟರ್ ತ್ರಿಜ್ಯದ ವೃತ್ತದೊಳಗೆ ಇರುವ ಸಂಭವ ನೂರಕ್ಕೆ ೬೮ ಎಂದಷ್ಟೇ ಅರ್ಥ. ಎಂದರೆ ಸರಿಸುಮಾರು ಮೂರು ಸಲಕ್ಕೆ ಒಂದು ಸಲ ನಾವು ಆ ವೃತ್ತದ ಹೊರಗಿರುತ್ತೇವೆ.

ಪ್ರತ್ಯೇಕ ಗ್ರಾಹಕಯಂತ್ರದ ಇಂದಿನ ಗತಿಯನ್ನು ನೋಡಿದರೆ ಇನ್ನೊಂದು ವೈಪರೀತ್ಯ ಕಾಣುತ್ತದೆ. ಭೂಮಾಪಕರು ಬ್ಲೂಟೂತ್ ಮೂಲಕ ಜೋಡಿಸುವ ಉತ್ತಮ ಯಂತ್ರಗಳು ಸೆಂಟಿಮೀಟರುಗಳ ಮಟ್ಟಿಗೆ ಸರಿಯಾದ ಸ್ಥಳವನ್ನು ಹೇಳಬಲ್ಲವು. ಆಂಡ್ರಾಯ್ಡಿನಲ್ಲಿ ಆ ಸ್ಥಳವನ್ನು ಇತರ ತಂತ್ರಾಂಶಗಳಿಗೆ ಒದಗಿಸಲು ರೂಢಿಯಲ್ಲಿರುವ ಮಾರ್ಗವೆಂದರೆ, ಪರೀಕ್ಷೆಗೆಂದು ಇಟ್ಟಿರುವ ‘ಕೃತಕ ಸ್ಥಳ’ದ ಬಾಗಿಲು. ಹಾಜರಿಯಲ್ಲಿಯೋ ತನಿಖೆಯಲ್ಲಿಯೋ ಸುಳ್ಳು ಸ್ಥಳವನ್ನು ತಡೆಯಲೆಂದು ಕೆಲವು ತಂತ್ರಾಂಶಗಳು ಆ ಬಾಗಿಲಿನಿಂದ ಬಂದುದೆಲ್ಲವನ್ನೂ ತಿರಸ್ಕರಿಸುತ್ತವೆ. ಹೀಗಾಗಿ ಒಡಲೊಳಗಿನ ಯಂತ್ರದ ಒರಟು ಮಾತು ಸತ್ಯವೆಂದು ಸ್ವೀಕೃತವಾಗುತ್ತದೆ. ಹೊರಗಿನ ಯಂತ್ರದ ನಿಷ್ಕೃಷ್ಟವಾದ ಮಾತು ಸುಳ್ಳೆಂದು ಹೊರದೂಡಲ್ಪಡುತ್ತದೆ. ಮಾತು ಯಾವ ಬಾಗಿಲಿನಿಂದ ಬಂದಿತೆಂಬುದನ್ನು ನೋಡಿ, ಮಾತಿನ ಯೋಗ್ಯತೆಯನ್ನು ನೋಡದಿರುವುದರ ಫಲ ಇದು.

೫

ಇಷ್ಟು ಸೂಕ್ಷ್ಮವಾದ ವಿಚಾರಣೆ ಅವಶ್ಯವೇ ಎಂದು ಕೆಲವರು ಕೇಳಬಹುದು. ಮೋಟಾರನ್ನು ನಡೆಸುವವನಿಗೆ ಎಚ್.ಡಿ.ಒ.ಪಿ.ಯ ಗೊಡವೆ ಬೇಕಿಲ್ಲವೆಂಬುದು ನಿಜ. ರಸ್ತೆ ತೋರಿಸುವ ತಂತ್ರಾಂಶವು ಹತ್ತು ಮೀಟರ್ ಆಚೆ ಬಿದ್ದ ಚುಕ್ಕಿಯನ್ನು ಸಮೀಪದ ರಸ್ತೆಗೆ ಎಳೆದುಕೊಂಡು ಸರಿಪಡಿಸುತ್ತದೆ. ಅಲ್ಲಿ ನಷ್ಟವೇನೂ ಇಲ್ಲ. ಆದರೆ ಇದೇ ಉಪಕರಣವನ್ನು ಹಿಡಿದು ಹೊಲದ ಎಲ್ಲೆಯನ್ನು ಸುತ್ತಿದಾಗ, ಎಳೆದುಕೊಳ್ಳಲು ರಸ್ತೆಯಿರುವುದಿಲ್ಲ.

ಒಂದು ಎಕರೆ ವಿಸ್ತೀರ್ಣದ ಚೌಕಾಕಾರದ ಹೊಲದ ಒಂದು ಪಕ್ಕ ಸುಮಾರು ೬೪ ಮೀಟರ್. ಬಯಲಿನಲ್ಲಿ ಮೊಬೈಲಿನ ಜಿ.ಪಿ.ಎಸ್. ಸಾಮಾನ್ಯವಾಗಿ ಐದು ಮೀಟರಿನೊಳಗೆ ಸರಿಯಾಗಿರುತ್ತದೆಂದು ಹೇಳುತ್ತಾರೆ. ಆ ಐದು ಮೀಟರಿನಷ್ಟೇ ಒಂದು ಪಕ್ಕ ಒಳಕ್ಕೆ ಸರಿದರೂ ಸುಮಾರು ೩೨೦ ಚದರ ಮೀಟರ್, ಎಂದರೆ ಮೂರು ಗುಂಟೆಗಿಂತ ಹೆಚ್ಚು ನೆಲ, ಲೆಕ್ಕದಿಂದ ಹೋಗುತ್ತದೆ. ದಟ್ಟವಾದ ಮರಗಳ ಕೆಳಗೆ, ಕಣಿವೆಗಳಲ್ಲಿ ಉಪಗ್ರಹಗಳ ಸಂಕೇತ ಕ್ಷೀಣವಾಗುವುದರಿಂದ ತಪ್ಪು ಇನ್ನೂ ಬೆಳೆಯುತ್ತದೆ. ಸಾಲದುದಕ್ಕೆ, ಮೋಟಾರಿಗೆಂದು ಹೊಂದಿಸಿದ ಕೆಲವು ನಿಸ್ತಂತು ಯಂತ್ರಗಳಲ್ಲಿ, ವೇಗ ಬಹಳ ಕಡಮೆಯಾದಾಗ ಸ್ಥಳವನ್ನು ಅಲುಗದಂತೆ ಹಿಡಿದಿಡುವ ಏರ್ಪಾಡಿತ್ತು. ನಿಂತ ಮೋಟಾರು ನಕ್ಷೆಯಲ್ಲಿ ತೂರಾಡದಿರಲೆಂಬುದು ಅದರ ಉದ್ದೇಶ. ಅಂತಹ ಯಂತ್ರವನ್ನು ಹಿಡಿದು ಮೆಲ್ಲಗೆ ಎಲ್ಲೆಯನ್ನು ನಡೆಯುವವನ ಹೆಜ್ಜೆಗಳನ್ನು ಅದು ನುಂಗಿ, ಮೂಲೆಗಳನ್ನು ಕತ್ತರಿಸಬಲ್ಲುದು.

ಅರಣ್ಯವಾಸಿಗಳ ಹಕ್ಕುಗಳ ವಿಚಾರದಲ್ಲಿ ಇದು ಬರಿಯ ಲೆಕ್ಕದ ಮಾತಲ್ಲ. ೨೦೦೬ರ ಅರಣ್ಯ ಹಕ್ಕುಗಳ ಅಧಿನಿಯಮದ ಪ್ರಕಾರ, ಕುಟುಂಬವೊಂದು ವಾಸಕ್ಕಾಗಿಯೂ ಸಾಗುವಳಿಗಾಗಿಯೂ ತನ್ನ ಅನುಭವದಲ್ಲಿರುವ ನೆಲಕ್ಕೆ, ನಾಲ್ಕು ಹೆಕ್ಟೇರುಗಳ ಮಿತಿಗೆ ಒಳಪಟ್ಟು, ಹಕ್ಕನ್ನು ಕೇಳಬಹುದು. ಆ ನೆಲ ಅನೇಕ ವೇಳೆ ಮರಗಳ ನಡುವೆ ಇರುತ್ತದೆ. ಯಂತ್ರದ ಮಾತು ದುರ್ಬಲವಾಗುವ ಸ್ಥಳವೂ ಅದೇ. ೨೦೧೨ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ, ಉಪಗ್ರಹಚಿತ್ರವೂ ಇತರ ತಾಂತ್ರಿಕ ಸಾಧನಗಳೂ ಉಳಿದ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಗೆ ನಿಲ್ಲಕೂಡದೆಂದು ಸ್ಪಷ್ಟಪಡಿಸಲಾಗಿದೆ. ತಂತ್ರಾಂಶವನ್ನು ಬರೆಯುವವರು ಮರೆತ ವಿವೇಕವನ್ನು ಕಾನೂನು ಬರೆದವರು ನೆನಪಿಟ್ಟರೆಂದು ಹೇಳಬೇಕಾಗಿದೆ.

ಈ ಉಪಕರಣವನ್ನು ಸರಿಯಾಗಿ ಬಳಸಿದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಹಿರಿಯರೊಡನೆ ಸಂಶೋಧಕರು ಕಾಡಿನಲ್ಲಿ ನಡೆದು, ಅವರ ಪವಿತ್ರ ಸ್ಥಳಗಳನ್ನು ಜಿ.ಪಿ.ಎಸ್. ಉಪಕರಣದಿಂದ ಗುರುತಿಸಿ ನಕ್ಷೆಯನ್ನು ಸಿದ್ಧಪಡಿಸಿದರು. ಸೋಲಿಗರಲ್ಲಿ ಕುಲಕ್ಕೆ ಸೇರಿದ ಪ್ರದೇಶಕ್ಕೆ ‘ಯೆಲ್ಲೆ’ ಎಂದು ಹೆಸರು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಬಗೆಯ ತಾಣಗಳಿವೆ. ಸ್ಥಳ ಯಾವುದೆಂಬುದನ್ನು ಅಲ್ಲಿ ಹಿರಿಯರು ಹೇಳಿದರು. ಅದು ಭೂಮಿಯ ಮೇಲೆ ಎಲ್ಲಿ ಬೀಳುತ್ತದೆಂಬುದನ್ನು ಯಂತ್ರ ಹೇಳಿತು. ಚುಕ್ಕಿ ಕೆಲವು ಮೀಟರ್ ಸರಿದರೂ ಅಬ್ಬಿಯ ನೀರು ಸರಿಯುವುದಿಲ್ಲ. ಮನುಷ್ಯನ ಸಾಕ್ಷ್ಯವೂ ಯಂತ್ರದ ಸಾಕ್ಷ್ಯವೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತುದರಿಂದ ಆ ನಕ್ಷೆಗೆ ಬೆಲೆ ಬಂದಿತು. ೨೦೧೧ರಲ್ಲಿ ಆ ಬೆಟ್ಟದ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆತುದನ್ನು ಇಲ್ಲಿ ಸ್ಮರಿಸಬಹುದು.

೬

ಭೂಮಾಪನದ ಇತಿಹಾಸವನ್ನು ಪರ್ಯಾಲೋಚಿಸಿದರೆ, ತಪ್ಪನ್ನು ಬರೆದಿಡುವುದು ಅವಮಾನವೆಂದು ಆ ಶಾಸ್ತ್ರ ಎಂದೂ ಭಾವಿಸಿರಲಿಲ್ಲ. ದಕ್ಷಿಣ ಭಾರತದ ಮಹಾ ತ್ರಿಕೋನಮಾಪನದಲ್ಲಿ ಕರ್ನಲ್ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಅಲ್ಲಿಂದ ತ್ರಿಕೋನಗಳ ಸಾಲನ್ನು ಕಟ್ಟಿಕೊಂಡು ಬಂದು, ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಯಿಸಿ, ಲೆಕ್ಕದಿಂದ ಬಂದ ಉದ್ದಕ್ಕೂ ಅಳತೆಯಿಂದ ಬಂದ ಉದ್ದಕ್ಕೂ ಇರುವ ಅಂತರವನ್ನು ಪರೀಕ್ಷಿಸಿದನು. ಅಳತೆಯ ಜೊತೆಗೆ ಅಂತರವನ್ನೂ ಹೇಳುವುದರಿಂದಲೇ ಆ ಕಾರ್ಯಕ್ಕೆ ಪ್ರಾಮಾಣ್ಯ ಬಂದಿತು. ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ಈ ಸಂಪ್ರದಾಯ ಸಲ್ಲಬೇಕು.

ಆದುದರಿಂದ ಸ್ಥಳತಂತ್ರಾಂಶವನ್ನು ವಿಮರ್ಶಿಸುವಾಗ ಕೆಲವು ಪ್ರಶ್ನೆಗಳನ್ನು ಕೇಳುವುದು ಯುಕ್ತವೆಂದು ತೋರುತ್ತದೆ. ತಾಳೆಯ ಗುರುತು ಸರಿಹೊಂದದ ವಾಕ್ಯವನ್ನು ಅದು ಬಿಡುತ್ತದೆಯೇ? ‘ವಿ’ ಎಂಬ ಅಕ್ಷರ ಬಂದಾಗ ‘ತಿಳಿಯದು’ ಎಂದು ಹೇಳುವ ಧೈರ್ಯ ಅದಕ್ಕಿದೆಯೇ? ಚುಕ್ಕಿಯ ಬದಲಿಗೆ ವೃತ್ತವನ್ನು ಬರೆದು, ಆ ಮಾತಿಗೆ ಎಷ್ಟು ಸೆಕೆಂಡು ವಯಸ್ಸಾಗಿದೆಯೆಂಬುದನ್ನು ತೋರಿಸುತ್ತದೆಯೇ? ಉಪಗ್ರಹಗಳ ಸಂಖ್ಯೆ, ಎಚ್.ಡಿ.ಒ.ಪಿ. ಮತ್ತು ಮೂಲ ವಾಕ್ಯವನ್ನು, ಮುಂದೆ ವಿವಾದ ಬಂದಾಗ ತೆಗೆದುನೋಡಲು ಸಾಧ್ಯವಾಗುವಂತೆ ಉಳಿಸಿಕೊಳ್ಳುತ್ತದೆಯೇ? ಕೂಲಿಯಾಗಲಿ ನೆಲವಾಗಲಿ ಆ ಸ್ಥಳವನ್ನು ಅವಲಂಬಿಸಿರುವಾಗ, ಸಂಬಂಧಪಟ್ಟ ಮನುಷ್ಯನು ಯಂತ್ರದ ಮಾತನ್ನು ಅಲ್ಲಗಳೆಯಲು ಮಾರ್ಗವಿದೆಯೇ?

ಇವುಗಳಲ್ಲಿ ಯಾವುದಕ್ಕೂ ಹೊಸ ಉಪಗ್ರಹವಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ; ಬೇಕಾದ ಅಂಶಗಳೆಲ್ಲ ಆ ಪುಟ್ಟ ವಾಕ್ಯಗಳಲ್ಲಿಯೇ ಇವೆ. ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಕಲಿಸುವಾಗ, ಮೊದಲ ಕೆಲವು ದಿನಗಳಾದರೂ, ಪ್ರತ್ಯೇಕವಾದ ನಿಸ್ತಂತು ಯಂತ್ರವನ್ನು ಕೈಗೆ ಕೊಟ್ಟು ಅದರ ವಾಕ್ಯಗಳನ್ನು ಅಕ್ಷರ ಅಕ್ಷರವಾಗಿ ಓದಿಸುವುದು ಒಳ್ಳೆಯದು. ಸಿದ್ಧವಾದ ಚುಕ್ಕಿಯನ್ನು ಮಾತ್ರ ಕಂಡವನಿಗೆ ಅದರ ಹಿಂದಿನ ಸಂದೇಹ ಹೊಳೆಯುವುದು ಕಷ್ಟ. ಮಾತಾಡುವ ಯಂತ್ರ ತನ್ನ ಮಿತಿಯನ್ನು ಮುಚ್ಚಿಟ್ಟಿಲ್ಲ. ಕೇಳುವ ತಂತ್ರಾಂಶ ಅದನ್ನು ಪೂರ್ತಿಯಾಗಿ ಕೇಳಿ, ಕೇಳಿದುದನ್ನು ಪೂರ್ತಿಯಾಗಿ ಮುಂದಿನವರಿಗೆ ತಿಳಿಸಬೇಕೆಂಬುದಷ್ಟೇ ಈ ವಿಮರ್ಶೆಯ ಅಪೇಕ್ಷೆ.